ಎಳ್ಳಿಲ್ಲದ ಪಂಚಕಜ್ಜಾಯ

ಡೊಂಬಿವಲಿ ಪೂರ್ವದಲ್ಲಿ ಯಜ್ಞಣ್ಣನ ಕೈಯಡುಗೆ ಉಣ್ಣದ ಕನ್ನಡದವರು ಯಾರಾದರೂ ಇದ್ದರೆ ಹೇಳಿ, ಅಂಥವರನ್ನು ಒಮ್ಮೆ ನೋಡಬೇಕು. ನಾಮಕರಣ, ಮುಂಜಿ, ಸತ್ಯನಾರಾಯಣ ಪೂಜೆ, ಕನ್ನಡ ಸಂಘದ ಚೌತಿ, ಯಾವುದೇ ಇರಲಿ, ದೊಡ್ಡ ಒಲೆಯ ಮುಂದೆ ಪಂಚೆ ಎತ್ತಿ ಕಟ್ಟಿ ನಿಂತಿರುವವರು ಅವರೇ. ಪೂರ್ತಿ ಹೆಸರು ಯಜ್ಞೇಶ್ವರ ಉಪಾಧ್ಯ. ವಯಸ್ಸು ಅರವತ್ತೇಳು. ಉಡುಪಿ ಕಡೆಯವರು. ಠಾಣೆಯಲ್ಲಿ ಮಾಜಿವಾಡಾ ಹತ್ತಿರದ ಒಂದು ವೆಜ್ ಹೋಟೆಲಿನಲ್ಲಿ ಮೂವತ್ತೊಂಬತ್ತು ವರ್ಷದಿಂದ ಅಡುಗೆಯ ಮುಖ್ಯಸ್ಥರು. ಈಗ ಅರ್ಧ ದಿನ ಮಾತ್ರ. ಬೆಳಗಿನ ಸ್ಲೋ ಲೋಕಲ್ ರೈಲಿನಲ್ಲಿ ಹೋಗಿ ಸಾಂಬಾರು, ಚಟ್ನಿ ಮುಗಿಸಿಕೊಟ್ಟು ಮಧ್ಯಾಹ್ನ ಮನೆಗೆ ವಾಪಸು. ಅವರು ನಮ್ಮದೇ ಬಿಲ್ಡಿಂಗಿನವರು ಅನ್ನೋದು ನನ್ನ ಪುಣ್ಯ. ಅವರ ಮನೆಯಲ್ಲಿ ಒಗ್ಗರಣೆ ಬಿದ್ದರೆ ಮೂರು ಮಹಡಿಯವರು ಬಾಗಿಲು ತೆಗೆದು ನಿಲ್ಲುತ್ತಾರೆ.

ಯಜ್ಞಣ್ಣನಿಗೆ ಒಂದೇ ಒಂದು ದುರಭ್ಯಾಸ. ಬಡಿಸುವಾಗ ಯಾರಾದರೂ "ಬೇಡ" ಅಂದರೆ ಅವರ ಕಿವಿಗೆ ಕೇಳಿಸುವುದಿಲ್ಲ. ಸಂಘದ ಕಾರ್ಯದರ್ಶಿ ತಾರಾನಾಥ ಶೆಟ್ರು ಪ್ರತಿ ವರ್ಷ ಎಲೆಯ ಮೇಲೆ ಎರಡೂ ಕೈ ಅಡ್ಡ ಇಟ್ಟು ಕೂಗುತ್ತಾರೆ.

"ಯಜ್ಞಣ್ಣ, ಶುಗರ್ ಉಂಟು ಮಾರಾಯ್ರೆ, ಪಾಯಸ ಬೇಡ!"

"ಶುಗರ್ ಇರುದು ನಿಮಗೆ, ಪಾಯಸಕ್ಕಲ್ಲ. ಕೈ ತೆಗೀರಿ. ಹೆಸರಿಗೆ ಒಂದು ಸೌಟು."

ಶೆಟ್ರು ಕೈ ತೆಗೆಯುತ್ತಾರೆ. ಎಲ್ಲರೂ ನಗುತ್ತಾರೆ. ಹೋದ ವರ್ಷದವರೆಗೆ ಅದು ಬರೀ ತಮಾಷೆಯಾಗಿತ್ತು.

ಯಜ್ಞಣ್ಣನ ಮಗ ಮನೀಶ, ಸೊಸೆ ಶ್ರೀವಾಣಿ ಇರುವುದು ನವಿ ಮುಂಬಯಿಯ ಸೀವುಡ್ಸ್‌ನಲ್ಲಿ. ಇಬ್ಬರೂ ಆಫೀಸಿಗೆ ಹೋಗುವವರು. ಅವರ ಒಬ್ಬನೇ ಮಗ ಪ್ರಥಮನಿಗೆ ಈಗ ಆರು ವರ್ಷ. ಕನ್ನಡ ಎಲ್ಲ ಅರ್ಥವಾಗುತ್ತದೆ, ಆದರೆ ಬಾಯಿಂದ ಬರುವುದು ಹಿಂದಿ, ಇಲ್ಲವೇ ಮರಾಠಿ. ಶನಿವಾರ ಸಂಜೆ ಅವನು ಡೊಂಬಿವಲಿಗೆ ಬಂದ ಅಂದರೆ ಅಜ್ಜ ಎರಡು ಮೆಟ್ಟಿಲು ಒಟ್ಟಿಗೆ ಹತ್ತುತ್ತಾರೆ. ಊರಿಗೆಲ್ಲ ಬಡಿಸಿದ ಕೈಗೆ ಆ ಪುಟ್ಟ ಬಾಯಿಗೆ ತುತ್ತು ಇಡುವುದೇ ದೊಡ್ಡ ಸಂಭ್ರಮ.

ಹೋದ ವರ್ಷ ಸಂಕ್ರಾಂತಿಗೆ ಪ್ರಥಮನ ಸ್ಕೂಲಿನಲ್ಲಿ ಟೀಚರು ಮಕ್ಕಳಿಗೆಲ್ಲ ತಿಳಗುಳ ಕೊಟ್ಟರು. ಎಳ್ಳು, ಬೆಲ್ಲದ ಪುಟ್ಟ ಉಂಡೆ. ಈ ಕಡೆ ಅದಿಲ್ಲದೆ ಸಂಕ್ರಾಂತಿ ಎಲ್ಲಿ? ಅದೇ ಸಂಜೆ ಡೊಂಬಿವಲಿಗೆ ಬಂದ ಹುಡುಗನ ಹೊಟ್ಟೆ, ಬೆನ್ನು ತುಂಬ ಕೆಂಪು ಕೆಂಪು ಗಂಧೆ. ಯಜ್ಞಣ್ಣನ ಹೆಂಡತಿ ದಮಯಂತಿ ಅಜ್ಜಿ ಒಂದು ನೋಟ ನೋಡಿ ತೀರ್ಪು ಕೊಟ್ಟುಬಿಟ್ಟರು.

"ಇದು ಪಿತ್ತ. ಪುನರ್ಪುಳಿ ಶರಬತ್ತು ಕುಡಿಸಿ, ಕಂಬಳಿಯಲ್ಲಿ ಮೈ ಉಜ್ಜಿದ್ರೆ ನಾಳೆಗೆ ಮಂಗಮಾಯ."

ಗಂಧೆ ಮರುದಿನ ಹೋಯಿತು, ನಿಜ. ಆದರೆ ಶ್ರೀವಾಣಿ ಸುಮ್ಮನೆ ಕೂರುವವಳಲ್ಲ. ಮಗನನ್ನು ಠಾಣೆಯ ಮಕ್ಕಳ ಅಲರ್ಜಿ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದಳು. ಅವರು ತೋಳಿನ ಮೇಲೆ ಹನಿ ಹನಿ ಹಾಕಿ, ಚುಚ್ಚಿ ಟೆಸ್ಟ್ ಮಾಡಿದರು. ಎಳ್ಳಿನ ಹನಿ ಬಿದ್ದ ಜಾಗ ಉದ್ದಿನವಡೆಯ ಹಾಗೆ ಊದಿಕೊಂಡಿತು. ಅವತ್ತಿನಿಂದ ಎಳ್ಳು ಬಂದ್. ಶ್ರೀವಾಣಿ ಅತ್ತೆ ಮಾವನಿಗೂ ಬಿಡಿಸಿ ಹೇಳಿದಳು.

ದಮಯಂತಿ ಅಜ್ಜಿ ಗೊಣಗಿದರು, "ನಮ್ಮ ಕಾಲದಲ್ಲಿ ಈ ಅಲರ್ಜಿ ಗಿಲರ್ಜಿ ಎಂತದೂ ಇರ್ಲಿಲ್ಲಪ್ಪ."

"ಇತ್ತು ಅತ್ತೆ. ಹೆಸರು ಇರ್ಲಿಲ್ಲ ಅಷ್ಟೇ."

ಯಜ್ಞಣ್ಣ ಮಾತ್ರ ಏನೂ ವಾದ ಮಾಡಲಿಲ್ಲ. ಮನೆಯ ಚಟ್ನಿಪುಡಿಯಲ್ಲಿ ಎಳ್ಳು ನಿಲ್ಲಿಸಿದರು. ಎಳ್ಳೆಣ್ಣೆಯ ಬಾಟಲಿಯನ್ನು ಪಕ್ಕದ ಮನೆಗೆ ದಾನ ಕೊಟ್ಟರು. ಮೊಮ್ಮಗನಿಗೆ ಎಳ್ಳು ಆಗುವುದಿಲ್ಲ ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು. ಮುಂದೆ ನಡೆದದ್ದು ಗೊತ್ತಿಲ್ಲದೆ ಆದ ತಪ್ಪಲ್ಲ, ಅದಕ್ಕೇ ಇಷ್ಟು ಒತ್ತಿ ಹೇಳಬೇಕಾಯಿತು.

ಹೋದ ವರ್ಷದ ಚೌತಿ. ಸಂಘದ ಹಾಲಿನಲ್ಲಿ ಮಹಾಮಂಗಳಾರತಿ ಮುಗಿದಿತ್ತು. ಯಜ್ಞಣ್ಣ ದೊಡ್ಡ ಉರುಳಿಯ ಮುಂದೆ ನಿಂತು ಪಂಚಕಜ್ಜಾಯ ಹಂಚುತ್ತಿದ್ದರು. ಕಡಲೆಬೇಳೆ, ಬೆಲ್ಲ, ತೆಂಗಿನಕಾಯಿ, ತುಪ್ಪ, ಕರಿಎಳ್ಳು, ಈ ಐದೂ ಸೇರಿದ ನೈವೇದ್ಯ. ಸಾಲಿನಲ್ಲಿ ಪ್ರಥಮನೂ ಬಂದು ಎರಡು ಕೈ ಜೋಡಿಸಿ ಹಿಡಿದ. ಯಜ್ಞಣ್ಣನ ಕೈ ಒಂದು ಕ್ಷಣ ನಿಂತಿತು. ಆಮೇಲೆ ಉಗುರಿನ ತುದಿಯಷ್ಟು ತೆಗೆದು ಮೊಮ್ಮಗನ ನಾಲಿಗೆಗೆ ಮುಟ್ಟಿಸಿದರು. ದೇವರ ಮುಂದೆ ಇಟ್ಟಾಯಿತಲ್ಲ, ಇನ್ನು ಅದು ಎಳ್ಳಲ್ಲ, ಪ್ರಸಾದ. ಪ್ರಸಾದ ಯಾರಿಗೆ ಏನು ಮಾಡುತ್ತದೆ? ಪ್ರಸಾದ ಬೇಡ ಅಂದರಲ್ಲವೇ ದೋಷ? ನಾವೆಲ್ಲ ಹಾಗೆಯೇ ಕೇಳುತ್ತ ಬೆಳೆದವರು. ಅವರ ಜಾಗದಲ್ಲಿ ಎಷ್ಟು ಜನ ಬೇರೆ ಮಾಡುತ್ತಿದ್ದರೋ ಹೇಳುವುದು ಕಷ್ಟ.

ಹತ್ತು ನಿಮಿಷ ಆಗಿರಲಿಲ್ಲ. ಪ್ರಥಮನ ತುಟಿ ದಪ್ಪಗಾಯಿತು. ಕುತ್ತಿಗೆಯ ಸುತ್ತ ಗಂಧೆ ಎದ್ದವು. ವಾಂತಿ ಮಾಡಿದ. ಆಮೇಲೆ ಕೆಮ್ಮು, ಎದೆಯಿಂದ ಸುಂಯ್ ಸುಂಯ್ ಸದ್ದು. ದಮಯಂತಿ ಅಜ್ಜಿ ಪುನರ್ಪುಳಿ ಎಲ್ಲಿ ಅಂತ ಅಡುಗೆ ಮನೆಗೆ ಓಡಿದರು. ಒಬ್ಬರು ದೃಷ್ಟಿ ತೆಗೆಯಿರಿ ಅಂದರು, ಇನ್ನೊಬ್ಬರು ಬೆನ್ನಿಗೆ ಗುದ್ದಿ ಅಂದರು. ಶ್ರೀವಾಣಿ ಯಾರ ಮಾತೂ ಕೇಳದೆ ಮಗನನ್ನು ಎತ್ತಿಕೊಂಡು ರಿಕ್ಷಾ ಹತ್ತಿದಳು. ಎರಡು ಗಲ್ಲಿ ಆಚೆಯ ನರ್ಸಿಂಗ್ ಹೋಮಿನಲ್ಲಿ ಡಾಕ್ಟರು ನೋಡಿದ ಕೂಡಲೆ ತೊಡೆಗೆ ಅಡ್ರಿನಾಲಿನ್ ಇಂಜೆಕ್ಷನ್ ಚುಚ್ಚಿದರು. ಕೆಲವೇ ನಿಮಿಷದಲ್ಲಿ ಹುಡುಗನ ಉಸಿರು ಸಡಿಲಾಯಿತು. ಮರುದಿನ ಮಧ್ಯಾಹ್ನ ಮನೆಗೆ ಬಂದ. ಬಂದವನೇ ಕಾರ್ಟೂನ್ ಹಾಕು ಅಂತ ಹಟ.

ಶ್ರೀವಾಣಿ ಜಗಳ ಆಡಲಿಲ್ಲ. ಆಡಿದ್ದರೆ ಯಜ್ಞಣ್ಣನಿಗೆ ಎಷ್ಟೋ ಹಗುರವಾಗುತ್ತಿತ್ತು. ಅವಳು ಒಂದೇ ಪ್ರಶ್ನೆ ಕೇಳಿದಳು.

"ಮಾವ, ನಿಮಗೆ ಗೊತ್ತಿತ್ತಲ್ಲ?"

"ಗೊತ್ತಿತ್ತು."

ಅಷ್ಟೇ. ಆಮೇಲೆ ಒಂದು ತಿಂಗಳು ಮಗನ ಮನೆಯವರು ಡೊಂಬಿವಲಿಗೆ ಬರಲಿಲ್ಲ. ಬಂದಾಗ ಹುಡುಗನ ಊಟ ಸೀವುಡ್ಸ್‌ನಿಂದಲೇ ಡಬ್ಬಿಯಲ್ಲಿ ಬಂತು. ಜೊತೆಗೆ ಜಿಪ್ ಹಾಕಿದ ಒಂದು ಕೆಂಪು ಚೀಲ, ಅದರಲ್ಲಿ ಡಾಕ್ಟರು ಬರೆದುಕೊಟ್ಟ ಇಂಜೆಕ್ಷನ್. ಭಾನುವಾರ ಬೆಳಿಗ್ಗೆ ಯಜ್ಞಣ್ಣ ತಡೆಯಲಾರದೆ ಮೊಮ್ಮಗನಿಗೆ ಒಂದು ಬಾಳೆಹಣ್ಣು ಚಾಚಿದರು. ಸಿಪ್ಪೆ ಕೂಡ ತೆಗೆಯದ ಇಡೀ ಹಣ್ಣು. ಪ್ರಥಮ ಕೈ ಹಿಂದೆ ಕಟ್ಟಿಕೊಂಡ.

"ಅಜ್ಜಾ, ಪೆಹಲೇ ಮಮ್ಮಿ ಕೋ ಪೂಛೋ."

ಮೊದಲು ಮಮ್ಮಿಯನ್ನು ಕೇಳು. ಹುಡುಗ ತಪ್ಪು ಮಾತಾಡಲಿಲ್ಲ, ಕಲಿಸಿದ್ದನ್ನು ಹೇಳಿದ. ಯಜ್ಞಣ್ಣ ಹಣ್ಣನ್ನು ಮತ್ತೆ ಬುಟ್ಟಿಯಲ್ಲಿಟ್ಟು ಬಾಲ್ಕನಿಗೆ ಹೋಗಿ ನಿಂತರು. ದಿನಕ್ಕೆ ಐನೂರು ಜನ ಅವರ ಕೈ ನಂಬಿ ಉಣ್ಣುತ್ತಾರೆ, ಮೊಮ್ಮಗ ಒಬ್ಬನಿಗೆ ಆಗುವುದಿಲ್ಲ. ಆ ಪುಟ್ಟ ಕೈ ಮತ್ತೆ ತನ್ನ ಮುಂದೆ ಹೆದರಿಕೆ ಇಲ್ಲದೆ ಚಾಚಿಕೊಳ್ಳಬೇಕು. ಅದೊಂದೇ ಅವರಿಗೆ ಬೇಕಾಗಿದ್ದದ್ದು. ಅದನ್ನು ಸೊಸೆಯ ಹತ್ತಿರ ಬೇಡಿ ಪಡೆಯುವಂತಿಲ್ಲ ಅಂತಲೂ ಅವರಿಗೆ ಗೊತ್ತಿತ್ತು.

ಸೋಮವಾರ ಹೋಟೆಲಿನ ಕೆಲಸ ಮುಗಿಸಿದವರು ಸ್ಟೇಷನ್ನಿಗೆ ಹೋಗಲಿಲ್ಲ. ಪ್ರಥಮನ ಡಾಕ್ಟರ ಕ್ಲಿನಿಕ್ಕು ಅಲ್ಲಿಂದ ನಡೆದು ಹೋಗುವಷ್ಟೇ ದೂರ. ಗೋಡೆಯ ಮೇಲೆಲ್ಲ ಜಿರಾಫೆ, ಆನೆ. ಪುಟ್ಟ ಪುಟ್ಟ ಕುರ್ಚಿಗಳ ನಡುವೆ ಪಂಚೆ ಉಟ್ಟ ಆರಡಿ ಮನುಷ್ಯ. ರಿಸೆಪ್ಷನ್ನಿನ ಹುಡುಗಿ ಫಾರಂ ತೆಗೆದುಕೊಂಡು ಕೇಳಿದಳು.

"ಪೇಷಂಟ್ ಕಾ ನಾಮ್? ಉಮ್ರ್?"

"ಯಜ್ಞೇಶ್ವರ್. ಸಡಸಠ್."

"ಅಂಕಲ್, ಯೇ ಬಚ್ಚೋಂ ಕಾ ಕ್ಲಿನಿಕ್ ಹೈ."

"ಬಚ್ಚಾ ಸೀವುಡ್ಸ್ ಮೇ ಹೈ. ಗಲ್ತಿ ಮೇರಾ ಹೈ. ಡಾಕ್ಟರ್ ಕೋ ಮಿಲ್ನಾ ಹೈ."

ಮಕ್ಕಳ ಕ್ಲಿನಿಕ್ಕಿಗೆ ಮಗುವನ್ನು ತಾರದೆ, ತಪ್ಪು ನನ್ನದು ಅಂತ ಹೇಳಿಕೊಂಡು ಬಂದ ಪೇಷಂಟನ್ನು ಆ ಹುಡುಗಿ ಅವತ್ತೇ ಮೊದಲು ನೋಡಿದ್ದಿರಬೇಕು, ಫಾರಂ ಮಡಚಿಟ್ಟು ಒಳಗೆ ಬಿಟ್ಟಳು.

ಡಾಕ್ಟರ್ ಸುಮೇಧಾ ಅವರದು ಮೂಲದಲ್ಲಿ ಕುಂದಾಪುರದ ಮನೆತನ, ಹುಟ್ಟಿ ಬೆಳೆದದ್ದು ಠಾಣೆ. ಅಜ್ಜಿಯಿಂದ ಕಲಿತ ಕನ್ನಡಕ್ಕೆ ಮರಾಠಿಯ ಒಗ್ಗರಣೆ. ಅವರು ಬೈಯಲಿಲ್ಲ.

"ಆಜೋಬಾ, ನಿಮ್ಮ ಥರಾ ಮಾಡುವವರು ತುಂಬ ಇದ್ದಾರೆ. ಇಲ್ಲಿ ಬಂದು ಹೇಳುವವರು ಇಲ್ಲ."

"ಒಂದು ಕೇಳ್ಬಹುದಾ ಡಾಕ್ಟ್ರಮ್ಮ? ದೇವರಿಗೆ ಇಟ್ಟ ಮೇಲೂ ಅದು ಹಾಗೇ ಇರ್ತದಾ?"

ಸುಮೇಧಾ ಸ್ವಲ್ಪ ಯೋಚಿಸಿ ಕೇಳಿದರು, "ನೀವು ಪಾಯಸ ನೈವೇದ್ಯಕ್ಕೆ ಇಡ್ತೀರಲ್ಲ. ಆಮೇಲೆ ಅದರ ಸಕ್ಕರೆ ಸಪ್ಪೆ ಆಗ್ತದಾ?"

"ಎಂತಕ್ಕೆ ಸಪ್ಪೆ ಆಗುದು? ಅಷ್ಟೇ ಸಿಹಿ ಇರ್ತದೆ."

ಹೇಳಿದ ಮೇಲೆ ಅವರಿಗೇ ಹೊಳೆಯಿತು. ಸಕ್ಕರೆ ಸಕ್ಕರೆಯಾಗಿಯೇ ಉಳಿದರೆ ಎಳ್ಳು ಎಳ್ಳಾಗಿಯೇ ಉಳಿಯುತ್ತದೆ. ತಾರಾನಾಥ ಶೆಟ್ರ ಶುಗರ್ ಕೂಡ ಅವರಿಗೆ ಆಗಲೇ ನೆನಪಾಯಿತಂತೆ!

ಆ ಕ್ಲಿನಿಕ್ಕಿನಲ್ಲಿ ತಿಂಗಳ ಮೊದಲ ಶನಿವಾರ ಅಪ್ಪ ಅಮ್ಮಂದಿರಿಗೆ ಒಂದು ಕ್ಲಾಸು ನಡೆಯುತ್ತದೆ. ಯಾವ ಆಹಾರ ಎಲ್ಲಿ ಅಡಗಿರುತ್ತದೆ, ಪ್ಯಾಕೆಟ್ಟಿನ ಹಿಂದೆ ಏನು ಓದಬೇಕು, ಮೈಮೇಲೆ ಬರೀ ಗಂಧೆ ಎದ್ದರೆ ಏನು, ಗಂಧೆ ಜೊತೆ ಉಸಿರು ಕಟ್ಟಿದರೆ ಅಥವಾ ವಾಂತಿಯಾದರೆ ಏನು. ಯಜ್ಞಣ್ಣ ಹೋಟೆಲಿನಲ್ಲಿ ಆರ್ಡರು ಬರೆಯುವ ಕೆ.ಓ.ಟಿ. ಪುಸ್ತಕದ ಹಿಂಬದಿಯಲ್ಲಿ ಎಲ್ಲ ಬರೆದುಕೊಂಡರು. ಉಸಿರು ಕಷ್ಟವಾದರೆ ಮೊದಲು ತೊಡೆಗೆ ಇಂಜೆಕ್ಷನ್, ಮಲಗಿಸುವುದು, ಕೂಡಲೆ ಆಸ್ಪತ್ರೆ. ಉಸಿರಾಡಲು ಕೂತೇ ಇರಬೇಕು ಅಂದರೆ ಕೂರಿಸುವುದು, ನಡೆಸುವುದು ಮಾತ್ರ ಬೇಡ. ಪುನರ್ಪುಳಿ ಕುಡಿಸಿಕೊಂಡು ಕಾಯುವಂತಿಲ್ಲ. ಇಂಜೆಕ್ಷನ್ ಅಭ್ಯಾಸಕ್ಕೆ ಮೋಸಂಬಿ ಕೊಟ್ಟಾಗ ಮೊದಲ ಸಲ ಸೂಜಿ ಪಕ್ಕಕ್ಕೆ ಜಾರಿತು. ಕುದಿಯುವ ಎಣ್ಣೆಗೆ ಬರಿಗೈಯಲ್ಲಿ ಬೋಂಡ ಬಿಡುವವರು! ನಾಲ್ಕನೇ ಮೋಸಂಬಿಗೆ ನೇರ ನಾಟಿತು.

ನಿಜವಾದ ಮಜಾ ಮರುತಿಂಗಳ ಕ್ಲಾಸಿನಲ್ಲಿ. ಸುಮೇಧಾ ಮೇಜಿನ ಮೇಲೆ ಅಕ್ಕಿಹಿಟ್ಟಿನ ಮೂರು ಬಟ್ಟಲು ಇಟ್ಟರು. ಒಂದು ಸೌಟನ್ನು ಗುಲಾಲಿನಲ್ಲಿ ಅದ್ದಿ, ಮೊದಲ ಬಟ್ಟಲಿಗೆ ಹಾಕಿ, ಒರೆಸಿ, ಎರಡನೆಯದಕ್ಕೆ ಹಾಕಿ, ಮತ್ತೆ ಒರೆಸಿ, ಮೂರನೆಯದಕ್ಕೆ ಹಾಕಿದರು. ಮೂರನೇ ಬಟ್ಟಲಿನ ಬಿಳಿ ಹಿಟ್ಟಿನಲ್ಲೂ ಗುಲಾಬಿ ಗೆರೆ.

"ಒರೆಸಿದರೆ ಸಾಕಾಗುದಿಲ್ಲ. ಇದನ್ನ ಮನೆಯ ದೊಡ್ಡವರಿಗೆ ಹೇಗೆ ಸಮಜಾವಿಸುದು, ಅದೇ ಕಷ್ಟ," ಅಂದರು.

ಹಿಂದಿನ ಸಾಲಿನಿಂದ ಯಜ್ಞಣ್ಣ ಎದ್ದು ನಿಂತರು. "ಡಾಕ್ಟ್ರಮ್ಮ, ಇದು ಮುಸುರೆ ಅಲ್ವಾ?"

"ಮ್ಹಣಜೇ? ಅಂದ್ರೆ?"

"ಅನ್ನ ಮುಟ್ಟಿದ ಕೈ ತೊಳೀದೆ ತುಪ್ಪದ ಡಬ್ಬಿ ಮುಟ್ಲಿಕ್ಕಿಲ್ಲ. ಅನ್ನದ ಸೌಟು ಮೊಸರಿಗೆ ಹಾಕ್ಲಿಕ್ಕಿಲ್ಲ. ಒರೆಸಿದ್ರೆ ಆಗ್ಲಿಕ್ಕಿಲ್ಲ, ತೊಳೀಬೇಕು. ಮುಸುರೆ ಆದ್ರೆ ನನ್ನ ಅಮ್ಮ ಸೌಟಲ್ಲೇ ಒಂದು ಬಿಡ್ತಿದ್ರು. ಹಾಗಾದ್ರೆ ಇದು ಎಳ್ಳಿನ ಮುಸುರೆ. ಇಷ್ಟೇ ತಾನೇ?"

ಸುಮೇಧಾ ನಗುತ್ತ ಟೇಬಲ್ ತಟ್ಟಿದರು. "ಹೇಚ್, ಆಜೋಬಾ! ಇದೇ! ನೀವೇ ಮುಂದೆ ಬಂದು ಎಲ್ಲರಿಗೂ ಹೇಳಿ."

ಅವತ್ತು ಕಲ್ಯಾಣದಿಂದ ಬಂದಿದ್ದ ಮಾನಸಿ ಅನ್ನುವ ತಾಯಿ ಅವರನ್ನು ಬಾಗಿಲಲ್ಲೇ ತಡೆದಳು. ಅವಳ ಮಗುವಿಗೆ ಹಾಲು ಆಗುವುದಿಲ್ಲ. ಅತ್ತೆಗೆ ನಂಬಿಕೆ ಇಲ್ಲ, ಕದ್ದು ಪೇಡಾ ತಿನ್ನಿಸುತ್ತಾರೆ. "ಅಂಕಲ್, ಮೇರೀ ಸಾಸ್ ಸೇ ಆಪ್ ಬಾತ್ ಕರೋಗೇ? ಮೇರೀ ತೋ ಸುನ್ತೀ ನಹೀ." ಯಜ್ಞಣ್ಣ ಅಲ್ಲೇ ಅವಳ ಅತ್ತೆಗೆ ಫೋನ್ ಹಚ್ಚಿಸಿ ತಮ್ಮ ಹೋಟೆಲ್ ಹಿಂದಿಯಲ್ಲಿ ಶುರು ಮಾಡಿದರು. "ಬೆಹೆನ್‌ಜೀ, ಮೈಭೀ ಆಪ್ ಜೈಸಾ. ಮೇರೇಕೋ ಭೀ ಸಬ್ ಮಾಲೂಮ್ ಥಾ." ನಾನೂ ನಿಮ್ಮ ಹಾಗೆಯೇ, ನನಗೂ ಎಲ್ಲ ಗೊತ್ತಿತ್ತು ಅಂತ ಇಪ್ಪತ್ತು ನಿಮಿಷ ಮಾತು. ಡಾಕ್ಟರ ಮಾತಿಗಿಂತ ತಪ್ಪು ಮಾಡಿದವರ ಮಾತು ಕೆಲವು ಸಲ ಬೇಗ ನಾಟುತ್ತದೆ. ಆಮೇಲಾಮೇಲೆ ಶಹಾಡ್, ಠಾಣೆ, ಎಲ್ಲೆಲ್ಲಿಂದಲೋ ಅಜ್ಜ ಅಜ್ಜಿಯರ ಫೋನು ಬರತೊಡಗಿತು. ಮಧ್ಯಾಹ್ನದ ಲೋಕಲಿನಲ್ಲಿ ನೇತಾಡಿಕೊಂಡು ಅವರು ಯಾರಿಗೋ ಸೌಟು ತೊಳೆಯುವುದು ಹೇಗೆ ಅಂತ ವಿವರಿಸುವುದನ್ನು ನಮ್ಮ ಬಿಲ್ಡಿಂಗಿನವರೆಲ್ಲ ಕೇಳಿದ್ದೇವೆ.

ಒಂದು ದಿನ ಊಟಕ್ಕೆ ಕೂತಾಗ ದಮಯಂತಿ ಅಜ್ಜಿ ಇದ್ದಕ್ಕಿದ್ದಂತೆ ಅಂದರು, "ಇವ್ರೇ, ನನ್ನ ಚಿಕ್ಕಪ್ಪನ ಮಗಳಿಗೆ ಪ್ರತಿ ನಾಗರಪಂಚಮಿಗೂ ದೃಷ್ಟಿ ತಾಗ್ತಿತ್ತು ನೋಡಿ. ತುಟಿ ಎಲ್ಲ ಬಾತು... ಅವತ್ತು ನಮ್ಮಲ್ಲಿ ಎಳ್ಳುಂಡೆ ಮಾಡ್ತಿದ್ರು." ತುತ್ತು ಕೈಯಲ್ಲೇ ಉಳಿಯಿತು. "ಪಾಪ, ವರ್ಷ ವರ್ಷ ಮೆಣಸು ನಿವಾಳಿಸಿ ಸುಟ್ಟದ್ದೇ ಸುಟ್ಟದ್ದು."

ಇಷ್ಟೆಲ್ಲ ಆದರೂ ಯಜ್ಞಣ್ಣ ಸೊಸೆಗೆ ಒಂದು ಮಾತೂ ಹೇಳಲಿಲ್ಲ. ಯಾಕೆ ಅಂತ ಕೇಳಿದರೆ, "ಅಡುಗೆ ಹೇಗುಂಟು ಅಂತ ಭಟ್ಟ ಹೇಳುದಲ್ಲ, ಉಂಡವರು ಹೇಳುದು" ಅಂದುಬಿಟ್ಟರು.

ಈ ವರ್ಷದ ಚೌತಿಗೆ ತಿಂಗಳ ಮೊದಲೇ ಸಂಘದ ಮೀಟಿಂಗ್ ಆಯಿತು. ಪಂಚಕಜ್ಜಾಯಕ್ಕೆ ಈ ಸಲ ಎಳ್ಳು ಹಾಕುವುದಿಲ್ಲ ಅಂತ ಯಜ್ಞಣ್ಣ ಹೇಳಿದ್ದೇ ತಡ, ತಾರಾನಾಥ ಶೆಟ್ರು ಎದ್ದರು.

"ಎಳ್ಳು ತೆಗೆದ್ರೆ ನಾಲ್ಕೇ ಉಳೀತದೆ. ಗಣಪತಿ ಎಣಿಸುದಿಲ್ವಾ?"

"ಹೊದ್ಲು ಹಾಕ್ತೇನೆ ಶೆಟ್ರೆ, ಭತ್ತದ ಅರಳು. ಊರಲ್ಲಿ ಎಷ್ಟು ಕಡೆ ಮಾಡುದಿಲ್ಲ? ಲೆಕ್ಕಕ್ಕೆ ಐದೇ."

"ಮತ್ತೆ ಈ ಬೇರೆ ಪಾತ್ರೆ, ಬೇರೆ ಸೌಟು, ಕೈ ತೊಳೀದೆ ಒಳಗೆ ಬರುವಂತಿಲ್ಲ... ಎಂತ, ಹಳೇ ಮಡಿ ವಾಪಸು ತರ್ತೀರಾ? ನಮ್ಮನ್ನೆಲ್ಲ ಹೊರಗೆ ಕೂರಿಸ್ತೀರಾ?"

ಶೆಟ್ರು ತಮಾಷೆಗೇ ಅಂದದ್ದು, ಆದರೂ ಮಾತಿನಲ್ಲಿ ಮುಳ್ಳಿತ್ತು. ಯಜ್ಞಣ್ಣ ಮೆಲ್ಲಗೆ ಹೇಳಿದರು, "ಆ ಮಡಿಯಲ್ಲಿ ಮನುಷ್ಯರನ್ನು ಹೊರಗೆ ಕೂರಿಸಿದ್ದು ನಮ್ಮ ದೊಡ್ಡ ತಪ್ಪು ಶೆಟ್ರೆ. ಈಗ ಅದೇ ಸೌಟು ತೊಳೆದು ಒಂದು ಮಗುವನ್ನು ಪಂಕ್ತಿಯ ಒಳಗೆ ಕೂರಿಸ್ಲಿಕ್ಕೆ ಆಗ್ತದಾ ನೋಡ್ತೇನೆ."

ಶೆಟ್ರು ಕೂತರು. ಕೂತು, "ಬೋರ್ಡು ನಾನು ಬರೆಸ್ತೇನೆ" ಅಂದರು. ಬೋರ್ಡು ಅಂದರೆ ಪ್ರತಿ ಪದಾರ್ಥದ ಮುಂದೆ ಅದರಲ್ಲಿ ಏನೇನಿದೆ ಅಂತ ಕನ್ನಡ, ಮರಾಠಿ, ಹಿಂದಿಯಲ್ಲಿ. ಸಾಂಬಾರಿನ ಮುಂದೆ ಬೇಳೆ, ತೆಂಗಿನಕಾಯಿ, ಹಿಂಗು. ಪಲ್ಯದ ಮುಂದೆ ಸಾಸಿವೆ. ಪಾಯಸದ ಮುಂದೆ ಗೋಡಂಬಿ.

ಚೌತಿಗೆ ಎರಡು ದಿನ ಇರುವಾಗ ಶ್ರೀವಾಣಿ ಫೋನ್ ಮಾಡಿದಳು.

"ಬರ್ತೇವೆ ಮಾವ. ಆದ್ರೆ ಪ್ರಥಮನ ಊಟ ಡಬ್ಬಿಯಲ್ಲೇ. ಬೇಜಾರು ಮಾಡ್ಕೋಬೇಡಿ."

"ಇಲ್ಲಮ್ಮ. ಡಬ್ಬಿ ತಾ. ಕೆಂಪು ಚೀಲ ಮರೀಬೇಡ."

ಮಾವನ ಬಾಯಲ್ಲಿ ಕೆಂಪು ಚೀಲದ ಮಾತು ಅವಳು ನಿರೀಕ್ಷಿಸಿರಲಿಲ್ಲ.

ಹಬ್ಬದ ಬೆಳಿಗ್ಗೆ ಸಂಘದ ಅಡುಗೆ ಮನೆಗೆ ಎಳ್ಳಿನ ಒಂದು ಕಾಳೂ ಬರದ ಹಾಗೆ ಯಜ್ಞಣ್ಣ ಕಾವಲು ಕೂತರು. ಮೂಲೆಯಲ್ಲಿ ಒಂದು ಪುಟ್ಟ ಒಲೆ, ಹೊಸ ಸ್ಟೀಲ್ ಪಾತ್ರೆ ನಾಲ್ಕು, ಅದಕ್ಕೆ ಬೇರೆ ಸೌಟು. ಅನ್ನ, ಸಾರು, ಬೀನ್ಸ್ ಪಲ್ಯ, ತೆಂಗಿನ ಹಾಲಿನ ಪಾಯಸ. ಒಬ್ಬ ಆರು ವರ್ಷದವನಿಗೆ ಆಗುವಷ್ಟೇ. ಅವನು ಉಣ್ಣುವುದಿಲ್ಲ ಅಂತ ಗೊತ್ತಿದ್ದೂ ಮಾಡಿದರು. ಮೇಲೆ ಬಿಳಿ ಬಟ್ಟೆ ಮುಚ್ಚಿಟ್ಟರು.

ಮಂಗಳಾರತಿ ಆಯಿತು. ಪ್ರಸಾದದ ಸಾಲು ಶುರುವಾಯಿತು. ಬೋರ್ಡಿನ ಮೇಲೆ ದೊಡ್ಡದಾಗಿ 'ಈ ಪಂಚಕಜ್ಜಾಯದಲ್ಲಿ ಎಳ್ಳು ಇಲ್ಲ'. ಶ್ರೀವಾಣಿ ಸಾಲಿನಲ್ಲೇ ನಿಂತು ಅದನ್ನು ಎರಡು ಸಲ ಓದಿದಳು. ಕಡಲೆ, ಬೆಲ್ಲ, ತೆಂಗು, ತುಪ್ಪ, ಹೊದ್ಲು. ಆಮೇಲೆ ಮಾವನ ಮುಖ ನೋಡಿದಳು. "ಸ್ವಲ್ಪ ತಗೋ" ಅಂತ ಮಗನ ಬೆನ್ನು ಮುಟ್ಟಿ ಮುಂದೆ ಕಳಿಸಿದಳು. ಒಂದು ವರ್ಷದ ಮೇಲೆ ಆ ಎರಡು ಪುಟ್ಟ ಕೈ ಮತ್ತೆ ಅಜ್ಜನ ಮುಂದೆ ಜೋಡಿಸಿಕೊಂಡು ನಿಂತವು.

ಯಜ್ಞಣ್ಣ ಚಮಚ ಉರುಳಿಗೆ ಹಾಕಿದವರು ಹಾಗೇ ನಿಂತರು. ಹೊದ್ಲಿನ ಬಿಳುಪಿನಲ್ಲಿ ಎರಡು ಮೂರು ಕರಿ ಚುಕ್ಕೆ. ಚಮಚದಿಂದ ಕೆದಕಿದರು. ಇನ್ನಷ್ಟು ಚುಕ್ಕೆ.

ಆಗಿದ್ದಿಷ್ಟೇ. ನಮ್ಮ ಸಂಘದಲ್ಲಿ ಒಂದು ಪದ್ಧತಿ ಇದೆ. ಹಲವರು ಮನೆಯಲ್ಲಿ ಮಾಡಿದ ಪಂಚಕಜ್ಜಾಯವನ್ನು ಡಬ್ಬಿಯಲ್ಲಿ ತಂದು, ಆರತಿಯ ಹೊತ್ತಿಗೆ ಸಂಘದ ಉರುಳಿಗೇ ಸುರಿದುಬಿಡುತ್ತಾರೆ. ಎಲ್ಲರ ಮನೆಯದೂ ಒಂದಾಗಲಿ ಅಂತ. ಅಡುಗೆ ಮನೆ ಕಾಯುವ ಗಡಿಬಿಡಿಯಲ್ಲಿ ಯಜ್ಞಣ್ಣನಿಗೆ ಇದೇ ಮರೆತುಹೋಗಿತ್ತು. ಮೀಟಿಂಗಿಗೆ ಬಾರದ ಸುಂದರಿ ಶೆಟ್ರು, ತಾರಾನಾಥ ಶೆಟ್ರ ಮನೆಯವರೇ, ಪ್ರತಿ ವರ್ಷದ ಹಾಗೆ ತಂದು ಭಕ್ತಿಯಿಂದ ಸುರಿದಿದ್ದರು. ಒಳ್ಳೆ ಘಮ್ಮೆನ್ನುವ ಹುರಿದ ಎಳ್ಳು ಹಾಕಿ.

ಸಾಲಿನಲ್ಲಿ ಮುನ್ನೂರು ಜನ. ಎದುರಿಗೆ ಗಣಪತಿ. ಕೈ ಚಾಚಿದ ಮೊಮ್ಮಗ. ಚಮಚದಲ್ಲಿ ಕಾಣುವುದು ಒಂದೇ ಕಾಳು, ತೆಗೆದು ಎಸೆದರೆ ಯಾರಿಗೂ ಗೊತ್ತಾಗದು. ಯಜ್ಞಣ್ಣ ಚಮಚ ಕೆಳಗಿಟ್ಟು ಎರಡು ಹೆಜ್ಜೆ ಹಿಂದೆ ಸರಿದರು.

"ಇಲ್ಲ ಮಗಾ. ಇದು ನಿನಗೆ ಆಗ್ಲಿಕ್ಕಿಲ್ಲ. ಇವತ್ತು ನಿನಗೆ ಇದು ಇಲ್ಲ."

"ಪ್ರಸಾದಕ್ಕೆ ಇಲ್ಲ ಅಂತಾರಾ ಯಜ್ಞಣ್ಣ?" ಹಿಂದಿನಿಂದ ಯಾರೋ ಗದರಿದರು. "ಮಗುವಿನ ಕೈ ಖಾಲಿ ಕಳಿಸ್ಬಾರ್ದು. ಒಂಚೂರು ಹಾಕಿ!"

"ಒಂಚೂರು ಹಾಕಿಯೇ ಹೋದ ವರ್ಷ ಆಸ್ಪತ್ರೆಗೆ ಹೋದದ್ದು," ಯಜ್ಞಣ್ಣ ಗಟ್ಟಿಯಾಗಿ ಹೇಳಿದರು. ಅವರ ದನಿ ಅಷ್ಟು ಎತ್ತರಕ್ಕೆ ಹೋದದ್ದು ಯಾರೂ ಕೇಳಿರಲಿಲ್ಲ. "ಹಾಕಿದ್ದು ನಾನೇ. ಎಲ್ಲರೂ ಕೇಳಿ. ಇದಕ್ಕೆ ಎಳ್ಳು ಬಿದ್ದಿದೆ. ಆಗದವರು ತಕ್ಕೊಳ್ಬೇಡಿ. ಶೆಟ್ರೆ, ಬೋರ್ಡಲ್ಲಿ 'ಇಲ್ಲ' ಒರೆಸಿ 'ಇದೆ' ಅಂತ ಬರೀರಿ."

ಸುಂದರಿ ಅಕ್ಕನ ಮುಖ ಸಣ್ಣಗಾಯಿತು. "ಅಯ್ಯೋ ದೇವರೇ, ನಾನು ಹಾಕಿದ್ದಾ? ನನಗೆ ಗೊತ್ತೇ ಇರ್ಲಿಲ್ಲ ಯಜ್ಞಣ್ಣ..."

"ನಿಮಗೆ ಗೊತ್ತಿರ್ಲಿಲ್ಲ ಸುಂದರಕ್ಕ. ನನಗೆ ಗೊತ್ತಿತ್ತು, ಆದ್ರೂ ಮಾಡಿದ್ದೆ. ನಿಮ್ಮದು ಏನೂ ಅಲ್ಲ. ಬರುವ ವರ್ಷ ಡಬ್ಬಿ ಮೇಲೆ ಒಂದು ಚೀಟಿ ಅಂಟಿಸಿ ತನ್ನಿ, ಬೇರೆ ಇಟ್ಟು ಹಂಚುವ."

ಪ್ರಥಮನ ಕೆಳತುಟಿ ಮುಂದೆ ಬರತೊಡಗಿತ್ತು. ಸುತ್ತಲಿನ ಮಕ್ಕಳೆಲ್ಲ ಬೆರಳು ಚೀಪುತ್ತಿದ್ದಾರೆ, ಇವನ ಕೈ ಖಾಲಿ. ಯಜ್ಞಣ್ಣ ನಲ್ಲಿಯ ಹತ್ತಿರ ಹೋಗಿ ಸೋಪು ಹಚ್ಚಿ ಮೊಣಕೈವರೆಗೆ ತೊಳೆದರು. ಮಂಟಪದ ಕಂಬಕ್ಕೆ ಕಟ್ಟಿದ್ದ ಬಾಳೆಗೊನೆಯಿಂದ ಒಂದು ಹಣ್ಣು ಮುರಿದರು. ಮೊಮ್ಮಗನ ಕಡೆ ಹೆಜ್ಜೆ ಇಟ್ಟವರು ನಡುವೆ ನಿಂತು ಸೊಸೆಯನ್ನು ಕೇಳಿದರು.

"ಶ್ರೀವಾಣಿ, ಇದು ಕೊಡ್ಲಾ?"

ಅವಳು ಹೂಂ ಅಂತ ತಲೆ ಆಡಿಸಿದಳು. ಪ್ರಥಮ ಹಣ್ಣು ತೆಗೆದುಕೊಂಡ. ಕಣ್ಣಿಗೆ ಒತ್ತಿಕೊಂಡು ಸಿಪ್ಪೆ ಸುಲಿದ. ಪ್ರಸಾದ ಸಿಕ್ಕಿತು, ಅಳು ನಿಂತಿತು. ಆರು ವರ್ಷದವರಿಗೆ ಅಷ್ಟೇ ಬೇಕಾಗಿರುವುದು.

ಊಟದ ಪಂಕ್ತಿ ಕೂತಾಗ ಶ್ರೀವಾಣಿ ಚೀಲದಿಂದ ಡಬ್ಬಿ ತೆಗೆದು ತೊಡೆಯ ಮೇಲೆ ಇಟ್ಟುಕೊಂಡಳು. ಮುಚ್ಚಳದ ಮೇಲೆ ಕೈ ಇಟ್ಟವಳು ತೆಗೆಯಲಿಲ್ಲ. ಅಡುಗೆ ಮನೆಯ ಬಾಗಿಲಲ್ಲಿ ಬಿಳಿ ಬಟ್ಟೆ ಮುಚ್ಚಿದ ನಾಲ್ಕು ಪಾತ್ರೆಗಳು ಅವಳಿಗೆ ಕಾಣುತ್ತಿದ್ದವು.

"ಮಾವ, ಅದು ಯಾರಿಗೆ?"

"ಯಾರಿಗೂ ಅಲ್ಲ. ಸುಮ್ಮನೆ ಮಾಡಿದ್ದೆ."

"ಎಣ್ಣೆ ಯಾವುದು?"

"ತೆಂಗಿನೆಣ್ಣೆ. ಹೊಸ ಬಾಟ್ಲಿ, ನಾನೇ ಸೀಲ್ ಒಡೆದದ್ದು. ಸಾರಿನಪುಡಿ ಮನೇದು. ಪಾತ್ರೆಗೆ ಬೇರೆ ಯಾರೂ ಕೈ ಹಾಕಿಲ್ಲ."

ಶ್ರೀವಾಣಿ ಎದ್ದು ಹೋಗಿ ಬಟ್ಟೆ ಸರಿಸಿ ಒಂದೊಂದನ್ನೂ ನೋಡಿದಳು. ಬೇರೆ ಸೌಟು ನೋಡಿದಳು. ಪಕ್ಕದಲ್ಲಿ ಕೆ.ಓ.ಟಿ. ಪುಸ್ತಕದ ಹಾಳೆಯೊಂದು ಗೋಡೆಗೆ ಅಂಟಿತ್ತು, ಮಾವನ ಗುಂಡು ಅಕ್ಷರದಲ್ಲಿ: ಉಸಿರು ಕಷ್ಟ ಆದರೆ ಮೊದಲು ತೊಡೆಗೆ ಇಂಜೆಕ್ಷನ್, ಮಲಗಿ‌ಸುವುದು, ಕೂಡಲೆ ಆಸ್ಪತ್ರೆ. ಕೆಳಗೆ ಡಾಕ್ಟರ್ ಸುಮೇಧಾ ಅವರ ನಂಬರು. ಅವಳು ಅದನ್ನು ಬಹಳ ಹೊತ್ತು ಓದಿದಳು.

"ಇದೆಲ್ಲ ಯಾವಾಗ ಕಲಿತ್ರಿ ಮಾವ?"

"ಹನ್ನೊಂದು ಶನಿವಾರ ಆಯ್ತು."

ವಾಪಸು ಬಂದವಳು ಡಬ್ಬಿಯನ್ನು ಚೀಲಕ್ಕೆ ಹಾಕಿದಳು. ಕೆಂಪು ಚೀಲವನ್ನು ಮಾತ್ರ ಕೈಗೆ ಎಟಕುವ ಹಾಗೆ ಪಕ್ಕದಲ್ಲಿಟ್ಟುಕೊಂಡಳು. "ನೀವೇ ಬಡಿಸಿ" ಅಂದಳು.

ಯಜ್ಞಣ್ಣ ಬಗ್ಗಿ ಎಲೆಯ ತುದಿಗೆ ಪಾಯಸ ಹಾಕಿದರು. ಪ್ರಥಮ ಬೆರಳು ಇಳಿಸುವ ಮೊದಲು ತಲೆ ಎತ್ತಿ ಅಮ್ಮನನ್ನು ನೋಡಿದ.

"ಮಮ್ಮಿ, ಇಸ್ಮೇ ತಿಲ್ ಹೈ ಕ್ಯಾ?"

"ಮಾಡಿದವರು ಅಲ್ಲೇ ಇದ್ದಾರಲ್ಲ," ಶ್ರೀವಾಣಿ ಹೇಳಿದಳು. "ಅಜ್ಜನ್ನೇ ಕೇಳು."

ಹುಡುಗ ಅಜ್ಜನ ಕಡೆ ತಿರುಗಿದ. ಹೋದ ವರ್ಷ ಇಂಥದ್ದೇ ಮಾತು ಕೇಳಿ ಬಾಲ್ಕನಿಗೆ ಹೋಗಿ ನಿಂತಿದ್ದ ಮನುಷ್ಯ ಈಗ ಪಂಕ್ತಿಯ ನಡುವೆಯೇ ಮೊಣಕಾಲೂರಿ ಕೂತರು, ಮೊಮ್ಮಗನ ಕಣ್ಣಿಗೆ ಸರಿಯಾಗಿ.

"ಒಳ್ಳೇ ಪ್ರಶ್ನೆ. ಅಕ್ಕಿ, ಬೆಲ್ಲ, ತೆಂಗಿನ ಹಾಲು, ಏಲಕ್ಕಿ, ಒಂದು ಚಿಟಿಕೆ ಉಪ್ಪು. ಎಳ್ಳು ಇಲ್ಲ. ಯಾರು ಏನು ಕೊಟ್ಟರೂ ಹೀಗೇ ಕೇಳ್ಬೇಕು. ಅಜ್ಜ ಕೊಟ್ಟರೂ ಕೇಳ್ಬೇಕು. ಆಯ್ತಾ?"

"ಆಯ್ತು," ಅಂದ ಪ್ರಥಮ. ಕನ್ನಡದಲ್ಲೇ! ಆಮೇಲೆ ಬಾಯಿ ತೆರೆದ. ಯಜ್ಞಣ್ಣ ಮೊದಲ ತುತ್ತು ಇಟ್ಟರು.

ಎದುರು ಸಾಲಿನಲ್ಲಿ ತಾರಾನಾಥ ಶೆಟ್ರು ಎಲೆಯ ಮೇಲೆ ಎರಡೂ ಕೈ ಅಡ್ಡ ಇಟ್ಟು ಕಾಯುತ್ತಿದ್ದರು. ಯಜ್ಞಣ್ಣ ದೊಡ್ಡ ಪಾಯಸದ ಬಕೆಟ್ ಹಿಡಿದು ಅವರ ಮುಂದೆ ಬಂದರು.

"ಶೆಟ್ರೆ, ಹಾಕ್ಲಾ?"

"ಬೇಡ, ಶುಗರ್."

"ಸರಿ," ಅಂದು ಯಜ್ಞಣ್ಣ ಮುಂದಿನ ಎಲೆಗೆ ಹೋದರು.

ಶೆಟ್ರು ತಮ್ಮ ಖಾಲಿ ಎಲೆಯನ್ನೂ ಯಜ್ಞಣ್ಣನ ಬೆನ್ನನ್ನೂ ನೋಡಿ ನೋಡಿ, "ಓ ಯಜ್ಞಣ್ಣ, ಇನ್ನೊಂದು ಸಲ ಕೇಳುದಿಲ್ವಾ ಮಾರಾಯ್ರೆ?" ಅಂತ ಕೂಗಿದರು.